ಹಾವಿನ ವಿಷಕ್ಕೆ ಹೊಸ ಮದ್ದು ಬಂತಂತೆ, ಹೌದಾ ಮಾಷ್ಟ್ರೇ?

ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ವಾಟ್ಸಾಪಿನಲ್ಲೇ ಹುಟ್ಟಿದವು. ವಿಡಿಯೊ ಒಂದೇ, ಕಳಿಸುವವರು ಬೇರೆ ಬೇರೆ. ಪದೇ ಪದೇ ಬಂದದ್ದನ್ನೆಲ್ಲ ಇವತ್ತು ಒಟ್ಟಿಗೆ ಮುಗಿಸುತ್ತೇನೆ. ನಾನು ಪ್ರಾಣಿಶಾಸ್ತ್ರ ಕಲಿಸಿದವನು. ಹಾಗಾಗಿ ಆಕಾಶದ ಪ್ರಶ್ನೆಗೆ ಗಿಡ್ಡ ಉತ್ತರ, ಹಾವಿನ ಪ್ರಶ್ನೆಗೆ ಉದ್ದ ಉತ್ತರ.

ಪ್ರಶ್ನೆ: 3ಐ ಅಟ್ಲಾಸ್ ಧೂಮಕೇತು ಅಲ್ಲ, ಅನ್ಯಲೋಕದವರ ನೌಕೆ ಅಂತಾರಲ್ಲ? (ಕುಂಬಳೆ)

ಧೂಮಕೇತುವೇ. ಬೇರೆ ನಕ್ಷತ್ರದ ಕಡೆಯಿಂದ ಬಂದದ್ದು ಅನ್ನುವುದಷ್ಟೇ ವಿಶೇಷ. 2025ರ ಡಿಸೆಂಬರ್ 19ರಂದು ನಮಗೆ ಅತಿ ಹತ್ತಿರ ಬಂದಾಗಲೂ ಸುಮಾರು 27 ಕೋಟಿ ಕಿಲೋಮೀಟರ್ ದೂರದಲ್ಲಿತ್ತು.

ಪ್ರಶ್ನೆ: ನೂರಾರು ಸಲ ಹಾವಿನಿಂದ ಕಚ್ಚಿಸಿಕೊಂಡ ಅಮೆರಿಕದವನ ರಕ್ತದಿಂದ ಎಲ್ಲ ಹಾವಿಗೂ ಒಂದೇ ಮದ್ದು ಮಾಡಿದ್ದಾರಂತೆ. ನಮ್ಮಲ್ಲಿಗೆ ಯಾವಾಗ ಬರುತ್ತದೆ? ಅಲ್ಲಿವರೆಗೆ ಊರಿನ ವಿಷವೈದ್ಯರ ಮದ್ದು ಸಾಕಲ್ವಾ? (ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮೂರೂ ಕಡೆಯಿಂದ)

ಎಲ್ಲ ಹಾವಿಗೂ ಅಲ್ಲ. ಟಿಮ್ ಫ್ರೀಡ್ ಎಂಬಾತ ಸುಮಾರು 18 ವರ್ಷ ತನಗೆ ತಾನೇ ವಿಷ ಚುಚ್ಚಿಕೊಂಡ, ಹಾವುಗಳಿಂದ ಕಚ್ಚಿಸಿಕೊಂಡ. ಇದನ್ನು ಓದಿ ಯಾರೂ ಶೂರರಾಗಬೇಡಿ. ಆತನ ರಕ್ತದಿಂದ ಸಿಕ್ಕ ಎರಡು ಪ್ರತಿಕಾಯಗಳನ್ನು (ವಿಷವನ್ನು ಹಿಡಿದು ನಿಲ್ಲಿಸುವ ಪ್ರೋಟೀನುಗಳು) ವರೆಸ್ಪ್ಲಾಡಿಬ್ ಎಂಬ ಔಷಧದ ಜೊತೆ ಸೇರಿಸಿ ಇಲಿಗಳ ಮೇಲೆ ಪ್ರಯೋಗಿಸಿದರು. ಫಲಿತಾಂಶ 2025ರ ಮೇಯಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂತು. 19 ಜಾತಿಯ ಹಾವುಗಳ ಪೈಕಿ 13ರ ವಿಷದಿಂದ ಪೂರ್ತಿ ರಕ್ಷಣೆ, ಉಳಿದ 6ರಿಂದ ಅರೆಬರೆ. ಒಳ್ಳೆಯ ಕೆಲಸವೇ. ಆದರೆ ಆ 19ರಲ್ಲಿ ಇರುವುದೆಲ್ಲ ನಾಗರಹಾವು, ಕಡಂಬಳ (ಅಂದರೆ ಕಟ್ಟುಹಾವು) ಇವುಗಳ ಕುಟುಂಬ. ಮಂಡಲದ ಹಾವು ಒಂದೂ ಇಲ್ಲ.

ಇನ್ನೆರಡು ಸುದ್ದಿಗಳನ್ನೂ ಇದಕ್ಕೆ ಬೆರೆಸಿ ಕೇಳುತ್ತೀರಿ. 2024ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯವರ ಜೊತೆ ಸೇರಿ ಒಂದು ಪ್ರತಿಕಾಯ ತಯಾರಿಸಿತು. 2025ರ ಜನವರಿಯಲ್ಲಿ, ನೊಬೆಲ್ ಪಡೆದ ಡೇವಿಡ್ ಬೇಕರ್ ಅವರ ತಂಡ ಕಂಪ್ಯೂಟರಿನಲ್ಲೇ ವಿನ್ಯಾಸ ಮಾಡಿದ ಪ್ರೋಟೀನುಗಳಿಂದ ವಿಷ ತಡೆಯಿತು. ಇವೆರಡರ ಗುರಿಯೂ ನರದಿಂದ ಸ್ನಾಯುವಿಗೆ ಹೋಗುವ ಸಂದೇಶ ನಿಲ್ಲಿಸುವ ವಿಷ. ಕಣ್ಣಿನ ರೆಪ್ಪೆ ಜೋತುಬಿದ್ದು, ಕೊನೆಗೆ ಉಸಿರು ನಿಲ್ಲುವುದು ಆ ವಿಷದಿಂದ. ಕೊಳಕುಮಂಡಲದ ದಾರಿಯೇ ಬೇರೆ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ಹುಲ್ಲು ಕೊಯ್ಯುವಾಗ, ಬಿದ್ದ ಅಡಿಕೆ ಹೆಕ್ಕುವಾಗ ನೀವು ಹೆದರಬೇಕಾದ್ದು ಅದಕ್ಕೆ.

ಈಗಿರುವ ಮದ್ದು, ಅಂದರೆ ಕುದುರೆಗೆ ವಿಷ ಚುಚ್ಚಿ ಅದರ ರಕ್ತದಿಂದ ತೆಗೆಯುವ ಪ್ರತಿವಿಷ, ನಾಗರ, ಕಡಂಬಳ, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೆ. ಅದಕ್ಕೆ ಬೇಕಾದ ವಿಷ ಬಹುಪಾಲು ಬರುವುದು ಚೆನ್ನೈ ಬಳಿಯ, ಹಾವು ಹಿಡಿಯುವ ಇರುಳ ಸಮುದಾಯದವರ ಸಹಕಾರ ಸಂಘದಿಂದ. ಊರು ಬದಲಾದಂತೆ ಒಂದೇ ಜಾತಿಯ ಹಾವಿನ ವಿಷವೂ ಬದಲಾಗುತ್ತದೆ. ಆದ್ದರಿಂದ ಮದ್ದು ಎಲ್ಲ ಕಡೆ ಒಂದೇ ಸಮ ಕೆಲಸ ಮಾಡುವುದಿಲ್ಲ. ನಮ್ಮ ತೋಟದ ತರಗೆಲೆಯಲ್ಲಿ ಮೂಗು ಮೇಲೆತ್ತಿದ ಒಂದು ಸಣ್ಣ ಕುಳಿಮಂಡಲ ಮಲಗಿರುತ್ತದೆ ನೋಡಿ, ಅದರ ವಿಷಕ್ಕಂತೂ ಈ ಮದ್ದು ನಾಟುವುದೇ ಇಲ್ಲ. ನನ್ನನ್ನು ಕೇಳಿದರೆ, ಕೇರಳಕ್ಕೆ ತುರ್ತಾಗಿ ಬೇಕಾದ ಸಂಶೋಧನೆ ಈ ಹಾವಿನ ವಿಷಕ್ಕೆ ಮದ್ದು ಹುಡುಕುವುದು. ಆದರೆ ಅದರ ವಿಡಿಯೊ ಯಾರೂ ಕಳಿಸುವುದಿಲ್ಲ.

ಇನ್ನು ವಿಷವೈದ್ಯರು. ಕೇರೆ ಕಚ್ಚಿದವನೂ ಅವರ ಮದ್ದಿನಿಂದ ಬದುಕುತ್ತಾನೆ, ಯಾಕೆ ಬದುಕಬಾರದು? ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಆ ಪುಣ್ಯವೆಲ್ಲ ಕಲ್ಲಿಗೆ, ಬೇರಿಗೆ, ಮಂತ್ರಕ್ಕೆ ಜಮೆ. ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ನೋಡಿ. ಒಣಗಿದ, ಶುದ್ಧ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಆಮೇಲೆ ಬಗ್ಗಿಸುತ್ತಾರೆ. ರಕ್ತ ನೀರಿನಂತೆ ಹರಿದರೆ ಮಂಡಲದ ವಿಷ ಏರಿದೆ ಎಂದು ಲೆಕ್ಕ. ನಳಿಕೆ ಗಾಜಿನದೇ ಆಗಬೇಕು, ಸೋಪಿನಲ್ಲಿ ತೊಳೆದದ್ದಾಗಬಾರದು. ಇಲ್ಲದಿದ್ದರೆ ಫಲಿತಾಂಶವೇ ತಪ್ಪುತ್ತದೆ. ಇಷ್ಟು ಸಣ್ಣ ಪರೀಕ್ಷೆಗೂ ಇಷ್ಟು ಜಾಗ್ರತೆ. ವಿಷಕಲ್ಲು ಇಡುವವರು ಏನು ಅಳೆಯುತ್ತಾರೆ, ಹೇಳಿ?

ಕಾಲಿಗೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಹಾವನ್ನು ಅಟ್ಟಿಸಿಕೊಂಡು ಹೋಗಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು ಹೊರಡಿ. ಎಲ್ಲಿಗೆ? ‘ಮಂಗಳೂರಿಗೇ ಹೋಗೋಣ’ ಅಂತ ತಲಪಾಡಿ ಗಡಿ ದಾಟುವ ಅಭ್ಯಾಸ ನಮ್ಮವರಿಗೆ ಜಾಸ್ತಿ. ಮೊದಲು ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಅಲ್ಲಿ ಶುರು ಮಾಡಿಸಿ, ಡಯಾಲಿಸಿಸ್ಸೋ ವೆಂಟಿಲೇಟರ್ರೋ ಬೇಕೆಂದರೆ ಆಮೇಲೆ ಮಂಗಳೂರು. ಪ್ರತಿವಿಷ ಎಲ್ಲಿ ಇದೆ ಅಂತ ಮಳೆಗಾಲಕ್ಕೆ ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಮಗುವಿಗೆ ಕಚ್ಚಿದ್ದರೆ ‘ಡೋಸ್ ಕಮ್ಮಿ ಮಾಡಿ ಡಾಕ್ಟ್ರೇ’ ಅಂತ ಗೋಗರೆಯಬೇಡಿ. ಮಗು ಅಂತ ಹಾವು ವಿಷ ಕಮ್ಮಿ ಬಿಡುವುದಿಲ್ಲ, ಮದ್ದೂ ದೊಡ್ಡವರಷ್ಟೇ ಬೇಕು. ನೆಲದ ಮೇಲೆ ಮಲಗಿದವರು ಬೆಳಿಗ್ಗೆ ಹೊಟ್ಟೆನೋವು ಅಂದು, ರೆಪ್ಪೆ ಎತ್ತಲಾಗದಿದ್ದರೆ ಗ್ಯಾಸ್ ಅಂತ ಸುಮ್ನೆ ಕೂರಬೇಡಿ. ಕಡಂಬಳ ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ಮೆದುಳು ತಿನ್ನುವ ಅಮೀಬಾ ಬಂದಿದೆ. ಬಾವಿ ನೀರು ಕುಡಿಯಬಹುದಾ? (ನೀರ್ಚಾಲು)

ಕುಡಿದರೆ ಬರುವುದಿಲ್ಲ, ಮೂಗಿನೊಳಗೆ ನೀರು ಹೊಕ್ಕರೆ ಬರುತ್ತದೆ. ಪಾಚಿಗಟ್ಟಿದ ಕೆರೆಗೆ ಹಾರಬೇಡಿ, ಬಾವಿಗೆ ಕ್ಲೋರಿನ್ ಹಾಕಿಸಿ.

ಪ್ರಶ್ನೆ: ಅಳಿದುಹೋದ ಡೈರ್ ತೋಳವನ್ನು ಮತ್ತೆ ಹುಟ್ಟಿಸಿದ್ದಾರಂತೆ? (ಉಪ್ಪಳ)

ಇಲ್ಲ. ಬೂದು ತೋಳದ 14 ಜೀನುಗಳಲ್ಲಿ 20 ತಿದ್ದುಪಡಿ ಮಾಡಿದ್ದಾರೆ, ಅಷ್ಟೇ. ಡೈನೋಸಾರ್ ಬಗ್ಗೆ ದಯವಿಟ್ಟು ಕೇಳಬೇಡಿ.

ಪ್ರಶ್ನೆ: ನಮ್ಮ ಮೆದುಳಲ್ಲಿ ಒಂದು ಚಮಚ ಪ್ಲಾಸ್ಟಿಕ್ ಇದೆಯಾ? (ಮಂಜೇಶ್ವರ)

ಆ ಅಳತೆಯ ಬಗ್ಗೆಯೇ ತಕರಾರಿದೆ. ಮೆದುಳಿನ ಕೊಬ್ಬನ್ನೇ ಪ್ಲಾಸ್ಟಿಕ್ ಅಂತ ಲೆಕ್ಕ ಹಿಡಿದಿರಬಹುದು ಅನ್ನುವವರಿದ್ದಾರೆ. ಅದೇನೇ ಇರಲಿ, ಕುದಿಯುವ ಸಾಂಬಾರನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಸಿ ತರುವುದನ್ನು ಬಿಡಿ, ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯಿರಿ.