ಭೇದಿ ಆದಾಗ ಕೂಸಿಗೆ ನೀರು ನಿಲ್ಲಿಸಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮದು ಮುದ್ದೇಬಿಹಾಳ ಹತ್ತಿರದ ಹಳ್ಳಿ. ಮಗನಿಗೆ 14 ತಿಂಗಳು, ತೂಕ 9 ಕಿಲೋ. ಹೋದ ವಾರ ಎರಡು ದಿನ ವಾಂತಿ, ಭೇದಿ. ನೀರು ಕುಡಿಸಿದಷ್ಟೂ ಜಾಸ್ತಿ ಜಾಡಿಸುತ್ತದೆ ಅಂತ ಅತ್ತೆ ಎದೆಹಾಲೂ ಬೇಡ ಅಂದರು. ಕೊನೆಗೆ ವಿಜಯಪುರಕ್ಕೆ ಹೋಗಿ ಸಲಾಯಿನ್ ಹಚ್ಚಿಸಿಕೊಂಡು ಬಂದೆವು. ಈಗ ಅರಾಮಿದ್ದಾನೆ. ಮತ್ತೆ ಹೀಗಾದರೆ ಮನೆಯಲ್ಲಿ ಏನು ಮಾಡಲಿ? ಸಲಾಯಿನ್ ಬೇಕು ಅಂತ ಗೊತ್ತಾಗುವುದು ಹೇಗೆ?

ಉತ್ತರ: ತಂಗಿ, ಮಗ ಅರಾಮಾಗಿದ್ದಾನೆ ಅಂತ ಓದಿ ಸಮಾಧಾನವಾಯಿತು. ಅತ್ತೆಯವರು ಮೊಮ್ಮಗನ ಮೇಲಿನ ಕಾಳಜಿಯಿಂದಲೇ ಹೇಳಿದ್ದಾರೆ, ಆದರೆ ಆ ಮಾತು ಕೇಳಬೇಡಿ. ನೀರು ನಿಲ್ಲಿಸಿದರೂ ಭೇದಿ ಆಗುತ್ತಲೇ ಇರುತ್ತದೆ, ಆ ನೀರು ಕೂಸಿನ ಮೈಯಿಂದಲೇ ಹೋಗುತ್ತದೆ. ಜೀವಕ್ಕೆ ಕುತ್ತು ತರುವುದು ಮೈ ಹಾಗೆ ಒಣಗುವುದೇ. ಎದೆಹಾಲು ಕೊಡುತ್ತಲೇ ಇರಿ, ಹಿಂದಿಗಿಂತ ಜಾಸ್ತಿ ಸಲ ಕೊಡಿ.

ಮನೆಯಲ್ಲಿ ಓಆರ್‌ಎಸ್ ಪುಡಿ, ಅಂದರೆ ನೀರಲ್ಲಿ ಕಲಸಿ ಕುಡಿಸುವ ಉಪ್ಪು ಸಕ್ಕರೆಯ ಪುಡಿ, ಇಟ್ಟುಕೊಳ್ಳಿ. ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಕೇಳಿದರೆ ಸುಮ್ನೆ ಸಿಗುತ್ತದೆ. ದೊಡ್ಡ ಪ್ಯಾಕೆಟ್ ಪೂರ್ತಿ 1 ಲೀಟರ್ ನೀರಿಗೆ, 200 ಮಿಲಿಯ ಸಣ್ಣ ಪ್ಯಾಕೆಟ್ಟೂ ಬರುತ್ತದೆ, ಪ್ಯಾಕೆಟ್ಟಿನ ಹಿಂಬದಿ ಬರೆದದ್ದು ನೋಡಿ. ನನ್ನ ಹತ್ತಿರ ಒಬ್ಬ ತಾಯಿ ಎರಡು ಬೆರಳಲ್ಲಿ ಚಿಟಿಕೆ ಹಿಡಿದು ತೋರಿಸಿದ್ದಳು, ಇಷ್ಟಿಷ್ಟೇ ಹಾಕಿ ಕುಡಿಸಿದೆ, ಪುಡಿ ಉಳಿಯಲಿ ಅಂತ. ಇನ್ನೊಬ್ಬಳು ಇಡೀ ದೊಡ್ಡ ಪ್ಯಾಕೆಟ್ ಒಂದೇ ಲೋಟದಲ್ಲಿ ಕಲಸಿದ್ದಳು. ತೆಳ್ಳಗಾದರೆ ಉಪಯೋಗವಿಲ್ಲ, ಗಟ್ಟಿಯಾದರೆ ರಕ್ತದಲ್ಲಿ ಉಪ್ಪು ಏರಿ ಅಪಾಯ. ಬಾಟಲಿ ಅಳತೆಯಲ್ಲೇ ಕಲಸಿ, 24 ತಾಸು ಆದ ಮೇಲೆ ಚೆಲ್ಲಿ. ಉಪ್ಪು, ಸಕ್ಕರೆ ಎರಡೂ ಬೇಕು ಯಾಕಂದ್ರೆ ಕರುಳಲ್ಲಿ ಸಕ್ಕರೆಯ ಕೈ ಹಿಡಿದೇ ಉಪ್ಪು ಒಳಗೆ ಹೋಗುತ್ತದೆ, ಅದರ ಬೆನ್ನಿಗೆ ನೀರು. ಅದಕ್ಕೇ ಗೋಲಿ ಸೋಡಾ, ಬರೀ ಗ್ಲುಕೋಸ್ ಪುಡಿ, ಡಬ್ಬಿ ಜ್ಯೂಸ್ ಇದರ ಬದಲಿಗೆ ಆಗುವುದಿಲ್ಲ.

ಎರಡು ವರ್ಷದ ಒಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ ಕೊಡಿ, ಅಂದರೆ ಕಾಲು ಲೋಟದಿಂದ ಅರ್ಧ ಲೋಟ. ಚಮಚದಲ್ಲಿ, ನಿಧಾನವಾಗಿ. ಗಟಗಟ ಕುಡಿಸಿದರೆ ವಾಂತಿ ಆಗುತ್ತದೆ. ವಾಂತಿ ಆಯಿತಾ, 10 ನಿಮಿಷ ಬಿಟ್ಟು ಮತ್ತೆ ಶುರು ಮಾಡಿ, ಇನ್ನೂ ನಿಧಾನವಾಗಿ. ಜೊತೆಗೆ ಜಿಂಕ್ ಮಾತ್ರೆ, ಅವನ ವಯಸ್ಸಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ, ಭೇದಿ ನಿಂತರೂ ಬಿಡಬೇಡಿ. ಊಟವೂ ನಿಲ್ಲಬಾರದು: ಮೆತ್ತಗಿನ ಅನ್ನ ಮೊಸರು, ತೊವ್ವೆ, ಬಾಳೆಹಣ್ಣು. ಭೇದಿ ಕಟ್ಟಿಸುವ ಮಾತ್ರೆ ಮಾತ್ರ ಬೇಡವೇ ಬೇಡ.

ಈಗ ಸಲಾಯಿನ್ ವಿಷಯ. ಕಿರಿಕಿರಿ ಮಾಡುತ್ತಾನೆ, ಕಣ್ಣು ಒಳಗೆ ಹೋಗಿವೆ, ಲೋಟ ಕಂಡರೆ ಆಸೆಯಿಂದ ಎಳೆದುಕೊಳ್ಳುತ್ತಾನೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಕೂರುತ್ತದೆ ಅಂದರೆ ಸ್ವಲ್ಪ ಒಣಗಿದ್ದಾನೆ. ಆಗ ಹತ್ತಿರದ ದವಾಖಾನೆಗೆ ಹೋಗಿ. ಅಲ್ಲೂ ಮೊದಲು ಬಾಯಿಂದಲೇ ಓಆರ್‌ಎಸ್: ಕಿಲೋಗೆ 75 ಮಿಲಿ, ನಾಲ್ಕು ತಾಸಿನಲ್ಲಿ. ನಿಮ್ಮ ಮಗನಿಗೆ ಸುಮಾರು 675 ಮಿಲಿ ಆಯಿತು. ಒಂದೆರಡು ನಿಮಿಷಕ್ಕೊಂದು ಚಮಚ ಹಾಕುತ್ತಾ ಕೂತರೆ ಅಷ್ಟೂ ಒಳಗೆ ಹೋಗುತ್ತದೆ. 1971ರಲ್ಲಿ ಬಂಗಾಳದ ಬಾಂಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲಾಯಿನ್ ಸಾಲದೇ ಹೋದಾಗ ಡಾ. ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು ಸಕ್ಕರೆಯ ನೀರು ಕಲಸಿಟ್ಟು, ಮನೆಯವರ ಕೈಯಿಂದಲೇ ಕುಡಿಸಿದರು, ಸಾಯುವವರ ಪ್ರಮಾಣ ಶೇ. 30ರ ಆಸುಪಾಸಿನಿಂದ ಶೇ. 4ರ ಒಳಗೆ ಬಂತು.

ಸಲಾಯಿನ್ ಬೇಕಾಗುವುದು ಮಗು ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಾಗ, ಕುಡಿಯಲು ಆಗದಾಗ, ಚಿವುಟಿದ ಚರ್ಮ ಎರಡು ಸೆಕೆಂಡು ದಾಟಿದರೂ ನಿಂತೇ ಇದ್ದಾಗ. ಆಗ ತಡ ಮಾಡಬೇಡಿ. ಭೇದಿಯಲ್ಲಿ ರಕ್ತ, ಹಸಿರು ವಾಂತಿ, ಕೈಕಾಲು ತಣ್ಣಗಾಗುವುದು, ಆರು ತಾಸಿಗಿಂತ ಜಾಸ್ತಿ ಉಚ್ಚೆ ಹೋಗದಿರುವುದು, ಇವುಗಳಲ್ಲಿ ಒಂದೇ ಕಂಡರೂ ಸಾಕು, ಅಪರಾತ್ರಿಯಾದರೂ ಹೊರಡಿ. ದಾರಿಯಲ್ಲಿ ಮಗು ಎಚ್ಚರವಿದ್ದು ನುಂಗುತ್ತಿದ್ದರೆ ಚಮಚ ನಿಲ್ಲಿಸಬೇಡಿ. ಪುಡಿ ಕಲಸಿದ ಬಾಟಲಿ ಮಡಿಲಲ್ಲೇ ಇರಲಿ.