ಸಮುದ್ರದ ದಡದಲ್ಲೇ ಮರುಭೂಮಿ ಯಾಕೆ?

ಓದುಗರ ಪತ್ರ: "ಸಮುದ್ರ ಹತ್ತಿರವಿದ್ದರೆ ಚಳಿ, ಸೆಕೆ ಎರಡೂ ಹದವಾಗಿರುತ್ತವೆ, ಮಳೆಯೂ ಚೆನ್ನಾಗಿ ಬರುತ್ತದೆ ಎಂದು ಶಾಲೆಯಲ್ಲಿ ಓದಿದ್ದೆ. ಆದರೆ ಭೂಪಟದಲ್ಲಿ ಅಟಕಾಮಾ, ನಮೀಬ್ ಮರುಭೂಮಿಗಳು ಸಮುದ್ರಕ್ಕೆ ಅಂಟಿಕೊಂಡೇ ಇವೆ. ಅಷ್ಟು ನೀರು ಎದುರಿಗಿದ್ದೂ ಮಳೆ ಯಾಕಿಲ್ಲ? ಕರಾವಳಿ ಎಂದರೆ ನೆಲ ಮುಗಿಯುವ ಗೆರೆ ಅಷ್ಟೇ ಅಲ್ವಾ, ಅದಕ್ಕೂ ಹವಾಮಾನಕ್ಕೂ ಏನು ಸಂಬಂಧ? ಭೂಮಿ ಬಿಸಿಯಾದರೆ ಅಲ್ಲೇನಾಗುತ್ತದೆ?"

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ನೀವು ಶಾಲೆಯಲ್ಲಿ ಓದಿದ ಮಾತಿನಲ್ಲಿ ಎರಡು ವಿಷಯಗಳು ಬೆರೆತಿವೆ. ಒಂದು ಚಳಿ-ಸೆಕೆಯದ್ದು, ಇನ್ನೊಂದು ಮಳೆಯದ್ದು. ಮೊದಲನೆಯದನ್ನು ಸಮುದ್ರ ಬಹುಮಟ್ಟಿಗೆ ನಡೆಸಿಕೊಡುತ್ತದೆ. ಎರಡನೆಯದರ ಬಗ್ಗೆ ಅದು ಯಾವ ಮಾತೂ ಕೊಟ್ಟಿಲ್ಲ.

ಮೊದಲು ಚಳಿ-ಸೆಕೆ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಸಮುದ್ರದ ಮೇಲಿನ ಸುಮಾರು ಮೂರು ಮೀಟರ್ ನೀರು ಇಡೀ ವಾತಾವರಣದಷ್ಟೇ ಶಾಖವನ್ನು ಹಿಡಿದಿಡಬಲ್ಲದು. ನಾರ್ವೆಯ ಬೋಡೋ ಮತ್ತು ಸೈಬೀರಿಯಾದ ವೆರ್ಖೊಯಾನ್ಸ್ಕ್ ಎರಡೂ ಸುಮಾರು 67 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಎರಡಕ್ಕೂ ಸಿಗುವ ಬಿಸಿಲಿನ ಕೋನ ಒಂದೇ. ಆದರೂ ಜನವರಿಯಲ್ಲಿ ಬೋಡೋದ ಸರಾಸರಿ ಉಷ್ಣತೆ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿದ್ದರೆ, ವೆರ್ಖೊಯಾನ್ಸ್ಕ್‌ನಲ್ಲಿ ಮೈನಸ್ 45ರ ಆಸುಪಾಸು. ಬೋಡೋಗೆ ಸಮುದ್ರವಿದೆ, ಇನ್ನೊಂದು ನೆಲದ ನಡುವೆ ಸಿಕ್ಕಿಕೊಂಡಿದೆ.

ಆದರೆ ಸಮುದ್ರ ಪಕ್ಕದಲ್ಲಿದ್ದರೆ ಸಾಲದು, ಗಾಳಿ ಅದರ ಮೇಲಿಂದ ಬರಬೇಕು. ಪೋರ್ಚುಗಲ್‌ನ ಪೋರ್ಟೊ ಮತ್ತು ಅಮೆರಿಕದ ನ್ಯೂಯಾರ್ಕ್ ಎರಡೂ ಅಟ್ಲಾಂಟಿಕ್ ದಡದಲ್ಲಿವೆ, ಅಕ್ಷಾಂಶವೂ ಹೆಚ್ಚುಕಮ್ಮಿ ಒಂದೇ. ಅಲ್ಲಿ ಹೆಚ್ಚಾಗಿ ಬೀಸುವುದು ಪಡುವಣ ಗಾಳಿ. ಪೋರ್ಟೊಗೆ ಅದು ಸಮುದ್ರ ದಾಟಿ ಬರುತ್ತದೆ, ನ್ಯೂಯಾರ್ಕ್‌ಗೆ ಹೆಪ್ಪುಗಟ್ಟಿದ ಖಂಡವನ್ನು ದಾಟಿ ಬರುತ್ತದೆ. ಹಾಗಾಗಿ ನ್ಯೂಯಾರ್ಕ್‌ನ ಚಳಿಗಾಲ ಅಷ್ಟು ಕಟು.

ಈಗ ಮಳೆಗೆ ಬರೋಣ. ನಿಮ್ಮ ಪತ್ರದ ಜೀವ ಇರುವುದು ಇಲ್ಲೇ.

ಅಟಕಾಮಾ ಇರುವುದು ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿನಲ್ಲಿ. ಅಲ್ಲಿನ ಪೆರು ಮತ್ತು ಚಿಲಿಯ ದಡದಗುಂಟ ಗಾಳಿ ಹೆಚ್ಚಾಗಿ ದಕ್ಷಿಣದಿಂದ ಉತ್ತರಕ್ಕೆ ಬೀಸುತ್ತದೆ. ಗಾಳಿ ನೀರನ್ನು ತನ್ನ ದಿಕ್ಕಿಗೇ ನೂಕುತ್ತದೆ ಎಂದು ನಮಗೆ ಅನಿಸುತ್ತದೆ. ಪೂರ್ತಿ ಹಾಗಲ್ಲ. ಭೂಮಿ ತಿರುಗುತ್ತಿರುವುದರಿಂದ ನೀರು ಪಕ್ಕಕ್ಕೆ ಸರಿಯುತ್ತದೆ, ದಕ್ಷಿಣಾರ್ಧಗೋಳದಲ್ಲಿ ಗಾಳಿಯ ಎಡಕ್ಕೆ, ಉತ್ತರದಲ್ಲಿ ಬಲಕ್ಕೆ. ನಾರ್ವೆಯ ಅನ್ವೇಷಕ ನ್ಯಾನ್ಸೆನ್ 1893-96ರ ಯಾನದಲ್ಲಿ ಫ್ರಾಮ್ ಹಡಗಿನಲ್ಲಿ ಆರ್ಕ್‌ಟಿಕ್‌ನ ಮಂಜುಗಡ್ಡೆಯ ಜೊತೆ ತೇಲುತ್ತಾ ಹೋದಾಗ, ಗಡ್ಡೆಗಳು ಗಾಳಿಯ ಬಲಕ್ಕೆ ಓರೆಯಾಗಿ ಸಾಗುವುದನ್ನು ಗಮನಿಸಿದರು. ಅದಕ್ಕೆ ಲೆಕ್ಕದ ವಿವರಣೆ ಕೊಟ್ಟವರು ಸ್ವೀಡನ್ನಿನ ವಿಜ್ಞಾನಿ ಎಕ್‌ಮನ್, 1905ರಲ್ಲಿ.

ಪೆರುವಿನಲ್ಲಿ ಎಡಕ್ಕೆ ಎಂದರೆ ಪಶ್ಚಿಮಕ್ಕೆ, ಅಂದರೆ ದಡದಿಂದ ದೂರಕ್ಕೆ. ಕರಾವಳಿಗೆ ಏನು ಸಂಬಂಧ ಎಂದು ಕೇಳಿದ್ದೀರಲ್ಲ, ಉತ್ತರ ಇಲ್ಲಿದೆ. ನಡುಸಮುದ್ರದಲ್ಲಾದರೆ ಸರಿದುಹೋದ ನೀರಿನ ಜಾಗಕ್ಕೆ ಪಕ್ಕದ ನೀರು ಬಂದು ತುಂಬುತ್ತದೆ. ದಡದ ಬಳಿ ಒಂದು ಪಕ್ಕದಲ್ಲಿ ನೀರೇ ಇಲ್ಲ, ನೆಲ ಇದೆ. ಹಾಗಾಗಿ ಖಾಲಿಯಾದ ಜಾಗವನ್ನು ತುಂಬಲು ಕೆಳಗಿನಿಂದ ತಣ್ಣನೆಯ ನೀರು ಏರಿ ಬರಲೇಬೇಕು. ನೀವು ಗೆರೆ ಎಂದದ್ದು ನಿಜಕ್ಕೂ ಒಂದು ಗೋಡೆ.

ಈ ತಣ್ಣೀರಿನ ಉಷ್ಣತೆಯನ್ನು 1802ರಲ್ಲಿ ಜರ್ಮನಿಯ ವಿಜ್ಞಾನಿ ಹಂಬೋಲ್ಟ್ ಅಳೆದರು. ಈ ದಡದಗುಂಟ ಹರಿಯುವ ತಣ್ಣೀರಿನ ಪ್ರವಾಹಕ್ಕೆ ಅವರ ಹೆಸರನ್ನೇ ಇಟ್ಟರು. ಆದರೆ ಅದು ಅಲ್ಲಿನ ಮೀನುಗಾರ ಹುಡುಗರಿಗೆಲ್ಲ ಮುನ್ನೂರು ವರ್ಷಗಳಿಂದ ಗೊತ್ತಿತ್ತು, ತಾನು ಅಳೆದೆ ಅಷ್ಟೇ ಎಂದು ಅವರೇ ಹೇಳಿಕೊಂಡರು. ಆ ಮಾತಿಗಾಗಿ ನನಗೆ ಅವರ ಮೇಲೆ ಗೌರವ ಇನ್ನೂ ಜಾಸ್ತಿ.

ತಣ್ಣೀರಿನ ಮೇಲಿನ ಗಾಳಿಯೂ ತಣ್ಣಗಾಗುತ್ತದೆ, ಭಾರವಾಗುತ್ತದೆ. ಮಳೆ ಬರಬೇಕಾದರೆ ತೇವ ತುಂಬಿದ ಗಾಳಿ ಎತ್ತರಕ್ಕೆ ಏರಬೇಕು. ಇಲ್ಲಿ ಅದು ಏರುವುದಿಲ್ಲ. ಮೇಲಿಂದ ಇಳಿಯುವ ಬೆಚ್ಚನೆಯ ಒಣ ಗಾಳಿ ಪಾತ್ರೆಯ ಮುಚ್ಚಳದಂತೆ ಅದರ ಮೇಲೆ ಕೂತಿರುತ್ತದೆ. ಕೆಳಗೆ ಮೋಡ ಕಟ್ಟುತ್ತದೆ, ಮಂಜು ಕವಿಯುತ್ತದೆ, ಹನಿ ಮಾತ್ರ ಬೀಳುವುದಿಲ್ಲ. ಪೂರ್ವದಲ್ಲಿ ಅಮೆಜಾನ್‌ನ ತೇವ ಈ ಕಡೆ ಬಾರದಂತೆ ಆಂಡಿಸ್ ಪರ್ವತ ತಡೆಯುತ್ತದೆ. ಚಿಲಿಯ ಅರಿಕಾ ಬಂದರಿನಲ್ಲಿ 1903ರ ಅಕ್ಟೋಬರ್‌ನಿಂದ 1918ರ ಜನವರಿವರೆಗೆ ಮಳೆಯೇ ದಾಖಲಾಗಲಿಲ್ಲ. ಕಣ್ಣೆದುರಿಗೆ ಪೆಸಿಫಿಕ್ ಇಟ್ಟುಕೊಂಡು ಹದಿನಾಲ್ಕು ವರ್ಷ!

ನಮೀಬ್‌ನ ಕಥೆಯೂ ಇದೇ, ಆಫ್ರಿಕಾದ ನೈಋತ್ಯ ದಡದ ಆ ಮರುಭೂಮಿಯ ಎದುರಿಗಿರುವುದು ಬೆಂಗ್ವೆಲಾ ಪ್ರವಾಹ. ಅಲ್ಲಿ ಕೆಲವು ಜೀರುಂಡೆಗಳು ಮಂಜಿನ ಹನಿಯನ್ನು ಮೈಮೇಲೆ ಹಿಡಿದು ಕುಡಿಯುತ್ತವೆ.

ಇದು ಒಮ್ಮುಖದ ವ್ಯವಹಾರ ಅಲ್ಲ ಎಂಬುದೇ ನನಗೆ ತುಂಬಾ ಹಿಡಿಸುವ ವಿಷಯ. ತಗ್ಗಿನ ಮೋಡ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಅದರಿಂದ ನೀರು ಇನ್ನೂ ತಣ್ಣಗಿರುತ್ತದೆ. ನೀರು ತಣ್ಣಗಿದ್ದಷ್ಟೂ ಮೋಡ ಉಳಿಯುತ್ತದೆ. ಇತ್ತ ನೆಲ ಕಾಯುತ್ತದೆ, ಅತ್ತ ಸಮುದ್ರ ತಂಪು. ಈ ವ್ಯತ್ಯಾಸವೇ ದಡದಗುಂಟ ಬೀಸುವ ಗಾಳಿಗೆ ಬಲ ಕೊಡುತ್ತದೆ. ಆ ಗಾಳಿ ಮತ್ತಷ್ಟು ತಣ್ಣೀರನ್ನು ಮೇಲೆ ತರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಬಿಡಿಸಿ ಹೇಳಲಾಗದು. ಇನ್ನೊಂದು ಮಾತು: ತಳದ ನೀರು ಪೋಷಕಾಂಶವನ್ನೂ ಹೊತ್ತು ತರುವುದರಿಂದ ನೆಲ ಬರಡಾಗಿರುವ ಈ ದಡಗಳ ಎದುರಿನ ಸಮುದ್ರ ಮೀನಿನಿಂದ ತುಂಬಿರುತ್ತದೆ.

ಈ ಸುತ್ತು ಕೆಲವೊಮ್ಮೆ ಕಡಿಯುತ್ತದೆ. ಎಲ್ ನಿನೊ ವರ್ಷಗಳಲ್ಲಿ ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಗಳು ಸೊರಗುತ್ತವೆ, ಪಶ್ಚಿಮ ಪೆಸಿಫಿಕ್‌ನಲ್ಲಿ ಗುಡ್ಡೆಯಾಗಿದ್ದ ಬೆಚ್ಚನೆಯ ನೀರು ಪೆರುವಿನ ಕಡೆ ಹರಿದು ಬರುತ್ತದೆ. ಆಗ ದಡದ ಹತ್ತಿರ ಮೇಲೆ ಬರುವ ನೀರೂ ಬೆಚ್ಚಗಿರುತ್ತದೆ. 1997-98ರಲ್ಲಿ ಹೀಗಾದಾಗ ಉತ್ತರ ಪೆರುವಿನ ಸೆಚುರಾ ಮರುಭೂಮಿಯಲ್ಲಿ ಮಳೆ ಸುರಿದು, ನೂರು ಕಿಲೋಮೀಟರಿಗೂ ಉದ್ದದ ಕೆರೆಯೇ ನಿಂತಿತು. ಸಮುದ್ರ ಅಲ್ಲೇ ಇತ್ತು, ದಡವೂ ಅಲ್ಲೇ ಇತ್ತು. ಬದಲಾದದ್ದು ಗಾಳಿ ಮತ್ತು ನೀರಿನ ಉಷ್ಣತೆ. ಈ ಎರಡರ ನಂಟನ್ನು 1969ರಲ್ಲಿ ಸ್ಪಷ್ಟವಾಗಿ ಬಿಡಿಸಿ ತೋರಿಸಿದವರು ಹವಾಮಾನ ವಿಜ್ಞಾನಿ ಜೇಕಬ್ ಬ್ಯರ್ಕ್‌ನೆಸ್.

ಕೊನೆಗೆ, ಭೂಮಿ ಬಿಸಿಯಾದರೆ? ಹಸಿರುಮನೆ ಅನಿಲಗಳಿಂದ ಸೇರಿಕೊಂಡ ಹೆಚ್ಚುವರಿ ಶಾಖದಲ್ಲಿ ಶೇಕಡಾ 90ರಷ್ಟು ಸಮುದ್ರಕ್ಕೇ ಹೋಗಿದೆ. ಹಾಗಾದರೆ ಈ ದಡಗಳೂ ಸುಮ್ನೆ ಕಾಯುತ್ತಾ ಹೋಗುತ್ತವೆ ಎಂದುಕೊಳ್ಳಬಹುದು. ಆದರೆ 1990ರಲ್ಲಿ ಸಮುದ್ರ ವಿಜ್ಞಾನಿ ಆಂಡ್ರ್ಯೂ ಬಾಕುನ್ ಬೇರೆಯೇ ದಾರಿ ತೋರಿಸಿದರು: ನೆಲ ಸಮುದ್ರಕ್ಕಿಂತ ಬೇಗ ಬಿಸಿಯಾಗುತ್ತದೆ, ಆದ್ದರಿಂದ ದಡದಗುಂಟ ಬೀಸುವ ಗಾಳಿ ಬಲವಾಗಿ, ತಣ್ಣೀರು ಇನ್ನೂ ಹೆಚ್ಚಾಗಿ ಮೇಲೆ ಬರಬಹುದು. ಅಂದರೆ ಬಿಸಿಯಾಗುವ ಜಗತ್ತಿನಲ್ಲೂ ಈ ಕೆಲವು ದಡಗಳು ತಂಪಾಗಿ ಉಳಿಯಬಹುದು. ಅಳತೆಗಳು ಎಲ್ಲ ಕಡೆಯೂ ಒಂದೇ ಉತ್ತರ ಕೊಟ್ಟಿಲ್ಲ, ಹಾಗಾಗಿ ವಾದ ಇನ್ನೂ ಜೀವಂತವಾಗಿದೆ. ಗಾಳಿ ನಿಜಕ್ಕೂ ಬಲವಾದರೂ, ಮೇಲಿನ ನೀರಿನ ಪದರ ಬಿಸಿಯಾಗಿ ಹಗುರವಾದರೆ ಅದು ತಳದ ನೀರನ್ನು ಏರಲು ಬಿಡದೆ ತಡೆಯಬಲ್ಲದು. ಗಾಳಿ ಮತ್ತು ಆ ಪದರ, ಎರಡರಲ್ಲಿ ಯಾವುದರ ಕೈ ಮೇಲಾಗುತ್ತದೆ ಎಂಬುದರ ಮೇಲೆ ಆ ದಡಗಳ ಮಂಜು, ಮೀನು ಎರಡೂ ನಿಂತಿವೆ.