ಗೇರುಬೀಜದ ಕೆಲಸಕ್ಕೆ ಸೇರಿದರೆ ಮಕ್ಕಳ ಪಾಲು ಹೋಗುತ್ತದಾ?

ಅಕ್ಕೋರಿಗೊಂದು ಪ್ರಶ್ನೆ
ಉತ್ತರ: ಕುಮಟಾ ತಾಲೂಕಿನ ನಿವೃತ್ತ ಅಂಗನವಾಡಿ ಕಾರ್ಯಕರ್ತೆ

ಪ್ರಶ್ನೆ: ಅಕ್ಕೋರೇ, ನಮ್ಮದು ಬೇಲೆಕೇರಿ. ಮನೆಯವರು ಟ್ರಾಲರ್ ಬೋಟಿಗೆ ಹೋಗುತ್ತಾರೆ. ನಾನು ಮೀನು ಒಣಗಿಸುವ ಕೂಲಿ ಮಾಡುತ್ತಿದ್ದೆ. ಈಗ ಗೇರುಬೀಜ ಕಾರ್ಖಾನೆಯಲ್ಲಿ ತಿಂಗಳಿಗೆ 12,500 ರೂಪಾಯಿಯ ಕೆಲಸ ಸಿಗುವ ಹಾಗಿದೆ. ಪಿಎಫ್, ಇಎಸ್‌ಐ ಉಂಟಂತೆ. ಆದರೆ ಸಂಬಳದ ಚೀಟಿ ಕೈಗೆ ಬಂದರೆ ಬಿಪಿಎಲ್ ಕಾರ್ಡ್ ಹೋಗುತ್ತದೆ, ಮಕ್ಕಳ ಊಟ, ಹಾಲು, ಗೃಹಲಕ್ಷ್ಮಿ ಎಲ್ಲ ನಿಲ್ಲುತ್ತದೆ ಅಂತ ಕೇರಿಯವರು ಹೆದರಿಸುತ್ತಿದ್ದಾರೆ. ಮಗಳು ನಾಲ್ಕನೇ ಕ್ಲಾಸು, ಮಗನಿಗೆ ಎರಡೂವರೆ ವರ್ಷ. ಸೇರಲಾ, ಬೇಡವಾ?

ಉತ್ತರ: ಅಕ್ಕೋರೇ ಅಂದೆಯಲ್ಲ, ಹಾಗಾಗಿ ನಾನೂ ತಂಗೀ ಅನ್ನುತ್ತೇನೆ. ಸೇರು. ಆದರೆ ಕೇರಿಯವರು ಹೆದರಿಸಿದ್ದು ಒಂದಕ್ಕೆ, ನಿನಗೆ ತೊಂದರೆ ಬರುವುದು ಇನ್ನೊಂದರಿಂದ.

ಮೊದಲು ಕಾರ್ಡಿನ ಮಾತು. ಬಿಪಿಎಲ್‌ಗೆ ವರ್ಷದ ಆದಾಯ 1.20 ಲಕ್ಷದ ಒಳಗಿರಬೇಕು. ನಿನ್ನ ಸಂಬಳವೊಂದೇ ಒಂದೂವರೆ ಲಕ್ಷ ಆಗುತ್ತದೆ. ಹಾಗಾಗಿ ಕಾರ್ಡ್ ಹೋಗಬಹುದು, ಸುಳ್ಳು ಹೇಳುವುದಿಲ್ಲ. ಹೋದರೆ ಅಕ್ಕಿ ಹೋಗುತ್ತದೆ. ಆಹಾರ ಭದ್ರತೆ ಕಾಯ್ದೆಯ ಅಕ್ಕಿಯೇ ತಲೆಗೆ 5 ಕೆ.ಜಿ., ನಿಮ್ಮ ನಾಲ್ಕು ಜನಕ್ಕೆ 20. ಅದರ ಮೇಲೆ ರಾಜ್ಯ ಕೊಡುವುದೂ ಹೋಗುತ್ತದೆ. ನಮ್ಮ ಕರಾವಳಿಯವರು ರೇಷನ್ ಅಕ್ಕಿಯನ್ನು ದೋಸೆಗೆ ನೆನೆಸಿ, ಗಂಜಿಗೆ ಕುಚಲಕ್ಕಿಯನ್ನು ದುಡ್ಡು ಕೊಟ್ಟೇ ತರುತ್ತೇವೆ, ಅಲ್ವಾ? ಆದರೂ 20 ಕೆ.ಜಿ. ಅಂದರೆ ಸಣ್ಣ ಲೆಕ್ಕವಲ್ಲ.

ಉಳಿದದ್ದೆಲ್ಲ ಸುಮ್ನೆ ಹೆದರಿಕೆ. ಶಾಲೆಯ ಬಿಸಿಯೂಟ, ಹಾಲು, ಮೊಟ್ಟೆಗೆ ಕಾರ್ಡ್ ಯಾವುದು ಅಂತ ಯಾರೂ ಕೇಳುವುದಿಲ್ಲ. ಅಂಗನವಾಡಿಯಲ್ಲೂ ಅಷ್ಟೇ. ಗೃಹಲಕ್ಷ್ಮಿಯ 2,000 ಎಪಿಎಲ್ ಕಾರ್ಡಿನವರಿಗೂ ಉಂಟು, ಮನೆಯಲ್ಲಿ ನೀನೋ ನಿನ್ನ ಗಂಡನೋ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿರಬಾರದು ಅಷ್ಟೆ. ಇನ್ನು ಇಎಸ್‌ಐಗೆ ನಿನ್ನ ಸಂಬಳದಲ್ಲಿ ಹಿಡಿಯುವುದು ನೂರಕ್ಕೆ 75 ಪೈಸೆ, ಅಂದರೆ ತಿಂಗಳಿಗೆ 94 ರೂಪಾಯಿ. ಗಂಡ, ಮಕ್ಕಳ ಚಿಕಿತ್ಸೆಯೂ ಅದರಲ್ಲೇ ಬರುತ್ತದೆ. ಪಿಎಫ್‌ಗೆ 1,500 ಹೋದರೂ ಕೈಗೆ ಹತ್ತು ಸಾವಿರದ ಮೇಲೆ ಬಂತು.

ನಾನು ಸೇರು ಅನ್ನುವುದಕ್ಕೆ ಬೇರೆಯೇ ಕಾರಣ ಉಂಟು. ಜೂನ್ 1ರಿಂದ ಜುಲೈ 31, 61 ದಿನ ಮೀನುಗಾರಿಕೆಗೆ ನಿಷೇಧ, ಬೋಟು ದಡದಲ್ಲಿರುತ್ತದೆ. ಮಳೆಗೆ ಮೀನು ಒಣಗುವುದೂ ಇಲ್ಲ. ನನ್ನ ಅಂಗನವಾಡಿಯಲ್ಲಿ ಮಕ್ಕಳನ್ನು ಜೋಳಿಗೆಯಲ್ಲಿ ಕೂರಿಸಿ, ಕೊಕ್ಕೆಗೆ ತೂಗುಹಾಕಿ ತೂಕ ನೋಡುತ್ತಿದ್ದೆ. ಮೇ ತನಕ ಚಾರ್ಟಿನಲ್ಲಿ ಗೆರೆ ಮೇಲೆ ಹತ್ತುತ್ತಿತ್ತು. ಆಗಸ್ಟಿನಲ್ಲಿ ತೂಗಿದರೆ ಬೋಟಿನ ಮನೆಯ ಮಕ್ಕಳ ಗೆರೆ ಹಾಸಿಗೆ ಹಾಸಿದ ಹಾಗೆ ಮಲಗಿರುತ್ತಿತ್ತು. ಒಬ್ಬ ಹುಡುಗನದ್ದು ಮೂರು ವರ್ಷ ಹಾಗೇ ಆಗಿದ್ದು ನೆನಪಿದೆ. ಅಕ್ಕಿ ಆ ಮನೆಗೆ ಆ ಎರಡು ತಿಂಗಳೂ ಬರುತ್ತಿತ್ತು. ಬೇಳೆ, ಮೊಟ್ಟೆ, ಮೀನು ಕೊಳ್ಳಲು ಕಾಸು ಇರುತ್ತಿರಲಿಲ್ಲ. ಮಳೆಗಾಲದಲ್ಲೂ ಬರುವ ಸಂಬಳ ಅಂದರೆ ನಿನ್ನ ಮಗನಿಗೆ ಅದೇ.

ಈಗ ನಿಜವಾದ ತೊಂದರೆಗೆ ಬರೋಣ. ನೀನು ಕೆಲಸಕ್ಕೆ ಹೋದರೆ ಮಗ ಎಲ್ಲಿರುತ್ತಾನೆ? ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ತುಂಬಿದ ಮೇಲೆ. ಅದಕ್ಕೆ ಮುಂಚೆ ಆಹಾರದ ಪೊಟ್ಟಣ ಮನೆಗೆ ಕೊಡುತ್ತೇವೆ, ಮಗುವನ್ನು ಇಟ್ಟುಕೊಳ್ಳುವುದಿಲ್ಲ. ಸರಕಾರದ ಯೋಜನೆಗಳಲ್ಲಿ ನನಗೆ ಸಿಟ್ಟು ಬರುವುದು ಇಲ್ಲಿಯೇ. ಅಕ್ಕಿ ಕೊಟ್ಟರು, ಕಾಸು ಕೊಟ್ಟರು, ತಾಯಿ ದುಡಿಯುವ ಹೊತ್ತಿನಲ್ಲಿ ಮಗುವನ್ನು ಯಾರು ನೋಡಬೇಕು ಅಂತ ಬಹಳ ತಡವಾಗಿ ಯೋಚಿಸಿದರು. 2023ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯ್ತಿಗೆ ‘ಕೂಸಿನ ಮನೆ’ ಅಂತ ಬಂತು. ಮೂರು ವರ್ಷದೊಳಗಿನ ಮಕ್ಕಳಿಗೆ, ಮುಖ್ಯವಾಗಿ ಉದ್ಯೋಗ ಖಾತ್ರಿ ಕೂಲಿಯವರಿಗಾಗಿ ಮಾಡಿದ್ದು. ಪಂಚಾಯ್ತಿಗೆ ಹೋಗಿ ಕೇಳು, ನಾಚಿಕೆ ಬೇಡ.

ಕಾರ್ಖಾನೆಯಲ್ಲೂ ಕೇಳು. 50 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇರಬೇಕು, ದಿನಕ್ಕೆ ನಾಲ್ಕು ಸಲ ತಾಯಿಗೆ ಹೋಗಿ ಬರಲು ಬಿಡಬೇಕು ಅಂತ 2017ರಲ್ಲೇ ಕಾನೂನಾಗಿದೆ. ಅಲ್ಲಿ ಬಿಟ್ಟರೂ ಒಂದು ಎಚ್ಚರ: ಗೇರೆಣ್ಣೆ ಹತ್ತಿದ ಕೈಯಲ್ಲಿ ಮಗುವನ್ನು ಮುಟ್ಟಬೇಡ, ಚರ್ಮ ಸುಡುತ್ತದೆ.

ಎರಡೂ ಇಲ್ಲ ಅಂದರೆ ಅತ್ತೆಯೋ, ಪಕ್ಕದ ಮನೆಯ ಅಜ್ಜಿಯೋ ನೋಡಲಿ, ತಿಂಗಳಿಗೆ ಏನಾದರೂ ಕೊಡು. ಆದರೆ ಮಗಳ ಹೆಗಲಿಗೆ ಹಾಕಬೇಡ. ನಮ್ಮೂರಲ್ಲಿ ಒಬ್ಬಳು ಬರುತ್ತಿದ್ದಳು, ಬೆನ್ನಿಗೆ ಪಾಟೀಚೀಲ, ಸೊಂಟದ ಮೇಲೆ ತಮ್ಮ, ಯೂನಿಫಾರಂ ಮೇಲೆ ಗಂಜಿಯ ಕಲೆ. ತಮ್ಮನನ್ನು ನನ್ನ ಹತ್ತಿರ ಬಿಟ್ಟು ಶಾಲೆಗೆ ಓಡುವಷ್ಟರಲ್ಲಿ ಮೊದಲ ಪಾಠ ಮುಗಿದಿರುತ್ತಿತ್ತು. ಐದನೇ ಕ್ಲಾಸಿಗೆ ಬಂದಾಗ ಗುಣಾಕಾರ ಬರುತ್ತಿರಲಿಲ್ಲ, ಎಲ್ಲರೂ ಅವಳನ್ನೇ ಬೈದರು.

ಜೂನ್, ಜುಲೈನಲ್ಲಂತೂ ನಿನಗೆ ಯಾರನ್ನೂ ಹುಡುಕುವ ಕೆಲಸ ಇಲ್ಲ. ನಿನ್ನ ಯಜಮಾನರು ಬಲೆ ರಿಪೇರಿ ಮಾಡುತ್ತಾ ಮನೆಯಲ್ಲೇ ಇರುತ್ತಾರಲ್ಲ, ಮಗನನ್ನು ಅವರ ಪಕ್ಕದಲ್ಲಿ ಕೂರಿಸಿ ಹೋಗು.